ಹೂ ಯಾವಾಗ ಇರುತ್ತದೆ, ಅದನ್ನಷ್ಟೇ ಹೇಳಿ

ಬೆಟ್ಟದ ಮೇಲಿನ ಸರ್ಕಾರಿ ಹೂದೋಟಗಳನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ, ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಟಿಕೆಟ್ ದರ ಇಳಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಪಾರ್ಕಿಂಗ್, ಶೌಚಾಲಯ, ಮಂಗಗಳ ಕಾಟ, ಇವುಗಳ ಬಗ್ಗೆ ನಿಮಗೆ ಬೇಕಾದಷ್ಟು ಪತ್ರ ಬಂದಿರುತ್ತವೆ. ನನ್ನ ಬೇಡಿಕೆ ಒಂದೇ. ನಿಮ್ಮ ತೋಟದಲ್ಲಿ ಯಾವ ಹೂ ಯಾವ ತಿಂಗಳು ಇರುತ್ತದೆ, ಈ ವಾರ ಏನಿದೆ, ಏನಿಲ್ಲ, ಅದನ್ನು ಮೊದಲೇ ಹೇಳಿ. ಕನ್ನಡದಲ್ಲಿ ಹೇಳಿ. ದೂರದ ಊರಿನವರ ಕಿವಿಗೂ ಬೀಳುವ ಹಾಗೆ ಹೇಳಿ.

ಇಷ್ಟಕ್ಕೆಲ್ಲ ಬಹಿರಂಗ ಪತ್ರ ಬೇಕಾ ಅಂತ ಬೆಂಗಳೂರಿನವರಿಗೆ, ಮೈಸೂರಿನವರಿಗೆ ಅನ್ನಿಸಬಹುದು. ಅವರಿಗೆ ಬೇಡ. ಈ ವಾರ ಹೂ ಇಲ್ಲ ಅಂದ್ರೆ ಅವರು ಮುಂದಿನ ತಿಂಗಳು ಹೋಗುತ್ತಾರೆ. ನಮಗೆ ಹಾಗಲ್ಲ. ಕಲಬುರಗಿಯಿಂದ ಊಟಿ 800 ಕಿ.ಮೀ.ಗಿಂತ ಜಾಸ್ತಿ. ಬೀದರಿನವರಿಗೆ ಇನ್ನೂ ದೂರ. ರಾತ್ರಿ ರೈಲು ಹತ್ತಿ ಬೆಳಗ್ಗೆ ಬೆಂಗಳೂರು, ಅಲ್ಲಿಂದ ಬಸ್ಸು, ಮೈಸೂರು, ಗುಂಡ್ಲುಪೇಟೆ, ಬಂಡೀಪುರ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್ ಇರುತ್ತದೆ ಅನ್ನೋದು ನಮ್ಮ ಎಷ್ಟೋ ಮಂದಿಗೆ ಅಲ್ಲಿ ಹೋಗಿ ನಿಂತ ಮೇಲೇ ಗೊತ್ತಾಗೋದು. ಹೋಗಿ ಬರಲು ಒಂದು ಕುಟುಂಬ ವರ್ಷವಿಡೀ ಕೂಡಿಟ್ಟ ದುಡ್ಡು ಖರ್ಚಾಗುತ್ತದೆ. ಅಂಥವರು ತಪ್ಪು ತಿಂಗಳಲ್ಲಿ ಬಂದುಬಿಟ್ಟರೆ ಮತ್ತೆ ಬರೋದು ಯಾವಾಗ? ಬಹುಶಃ ಮಗಳ ಮದುವೆ ಮುಗಿದ ಮೇಲೆ.

ನಾನು ಇಲ್ಲಿ ಸೂಪರ್ ಮಾರ್ಕೆಟ್ ಹತ್ತಿರ ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೋರ್ಡಿನ ಮೇಲೆ ಝೆರಾಕ್ಸ್ ಅಂತಿದ್ದರೂ ದಿನವಿಡೀ ನಡೆಯುವುದು ಪಹಣಿ, ಜಾತಿ-ಆದಾಯ ಅರ್ಜಿ, ಪರೀಕ್ಷೆ ಫೀಸು, ಲೈಟ್ ಬಿಲ್ಲು. ಮಾರ್ಚ್ ದಾಟಿತು ಅಂದ್ರೆ ಇದರ ಜೊತೆ ಊರು ಸುತ್ತುವವರ ಕೆಲಸ ಶುರು. ಟಿಕೆಟ್ ಪ್ರಿಂಟು, ಆಧಾರ್ ಝೆರಾಕ್ಸು, 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ಗಾಡಿಗಳಿಗೆ ಇ-ಪಾಸ್. ಈ ಇ-ಪಾಸ್ ಅರ್ಜಿ ತುಂಬುವಾಗ ಗಾಡಿ ನಂಬರು, ಎಷ್ಟು ಜನ, ಎಲ್ಲಿ ಉಳಿಯುತ್ತೀರಿ, ಎಲ್ಲ ಕೇಳುತ್ತದೆ. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6000, ಶನಿವಾರ-ಭಾನುವಾರ 8000 ಗಾಡಿ ಅಂತ ಲೆಕ್ಕವನ್ನೂ ಇಟ್ಟರು. ಸರಿ, ಮದ್ರಾಸ್ ಹೈಕೋರ್ಟ್ ಹೇಳಿದ್ದು, ಬೆಟ್ಟಕ್ಕೆ ಒಳ್ಳೆಯದೇ. ಆದರೆ ಅರ್ಜಿ ತುಂಬಿಸಿಕೊಂಡು ಏಳುವಾಗ ಗಿರಾಕಿ ಕೇಳುವ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರ ಇಲ್ಲ.

"ಅಲ್ರೀ, ಈಗ ಅಲ್ಲಿ ಹೂವ ಇರ್ತಾವೇನು?"

ನಾನೇನು ಮಾಲಿಯೇ? ಮೊಬೈಲಿನಲ್ಲಿ ಹುಡುಕಿದರೆ ಸಿಗುವುದೆಲ್ಲ ತುಂಬಿ ತುಳುಕುವ ಹೂವಿನ ಫೋಟೋ. ತಾರೀಖು ಇಲ್ಲ. ಹತ್ತು ವರ್ಷದ ಹಿಂದಿನದೋ, ಮೊನ್ನೆಯದೋ, ದೇವರೇ ಬಲ್ಲ. ಕೆಲವು ಫೋಟೋದಲ್ಲಿ ಹಿಂದೆ ಕಾಣುವ ಗುಡ್ಡ ನಮ್ಮ ದೇಶದ್ದೇ ಅಲ್ಲ. ಇಲ್ಲಿನ ಟೂರ್ ನಡೆಸುವವನೊಬ್ಬ ಮೇ ಕೊನೆಯ ಕಾಶ್ಮೀರ ಪ್ಯಾಕೇಜಿಗೆ ಟ್ಯೂಲಿಪ್ ಹೂವಿನ ಬ್ಯಾನರ್ ಮಾಡಿಸಿದ್ದ. ಶ್ರೀನಗರದಲ್ಲಿ ಜಬರ್ವಾನ್ ಬೆಟ್ಟದ ಬುಡಕ್ಕಿರುವ ಆ ತೋಟ ತೆರೆಯುವುದು ಮಾರ್ಚ್ ಕೊನೆಯ ಹೊತ್ತಿಗೆ. ಒಂದು ತಿಂಗಳು ನಡೆದರೆ ದೊಡ್ಡದು. ಮೇ ಕೊನೆಗೆ ಹೋದವರಿಗೆ ದಾಲ್ ಸರೋವರ ಸಿಕ್ಕಿತು, ಟ್ಯೂಲಿಪ್ ಸಿಗಲಿಲ್ಲ. ವಾಪಸ್ ಬಂದವರು ಜಗಳ ಮಾಡಿದ್ದು ನನ್ನ ಅಂಗಡಿ ಮುಂದೆ, ಯಾಕಂದ್ರೆ ಬ್ಯಾನರ್ ಪ್ರಿಂಟ್ ಆಗಿದ್ದು ಪಕ್ಕದ ಅಂಗಡಿಯಲ್ಲಿ!

ಇರಲಿ, ಆದರೆ ಆ ಟ್ಯೂಲಿಪ್ ತೋಟದವರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. 2007ರಲ್ಲಿ ಶುರುವಾದ, ಸುಮಾರು 30 ಹೆಕ್ಟೇರ್ ತೋಟ ಅದು. ಇಂಥ ದಿನ ಬಾಗಿಲು ತೆರೆಯುತ್ತೇವೆ ಅಂತ ಪ್ರತಿವರ್ಷ ಮೊದಲೇ ಹೇಳುತ್ತಾರೆ. ಬೇಗ ಅರಳುವ, ತಡವಾಗಿ ಅರಳುವ ತಳಿಗಳನ್ನು ಬೇರೆ ಬೇರೆ ಇಟ್ಟು ಆ ಒಂದು ತಿಂಗಳು ಎಳೆಯುತ್ತಾರೆ. ಹೂ ಮುಗಿಯಿತು ಅಂದ್ರೆ ಆ ವರ್ಷಕ್ಕೆ ತೋಟ ಮುಚ್ಚಿತು. ಯಾರಿಗೂ ಗೊಂದಲ ಇಲ್ಲ. ನಮ್ಮ ಕಡೆಯ ಬೆಟ್ಟದ ತೋಟಗಳು ವರ್ಷವಿಡೀ ತೆರೆದಿರುತ್ತವೆ, ಅದು ಒಳ್ಳೆಯದೇ. ಆದರೆ ವರ್ಷವಿಡೀ ಒಂದೇ ಫೋಟೋ ತೋರಿಸುವುದು ಯಾವ ನ್ಯಾಯ?

ಒಂದು ಬೆಟ್ಟದ ತೋಟಕ್ಕೆ ನಮ್ಮ ಮನೆಯವರೆಲ್ಲ ಹೋಗಿದ್ದೆವು. ಯಾವುದು ಅಂತ ಹೆಸರು ಬೇಡ, ಅಲ್ಲಿ ಕೆಲಸ ಮಾಡುವವರದೇನೂ ತಪ್ಪಿಲ್ಲ. ಗೇಟಿನ ಬೋರ್ಡಿನಲ್ಲಿ ಕೆಂಪು ಸಾಲ್ವಿಯಾ, ನೇರಳೆ ಪೆಟೂನಿಯಾ, ಡೇಲಿಯಾ, ಎಲ್ಲ ಕಣ್ಣಿಗೆ ಹೊಡೆಯುವ ಹಾಗೆ. ಟಿಕೆಟ್ ತೊಗೊಂಡು ಒಳಗೆ ಹೋದರೆ ಮಡಿಗಳನ್ನೆಲ್ಲ ಅಗೆದು, ಗೊಬ್ಬರ ಬೆರೆಸಿ, ಕೈಯಿಂದ ಹೆಂಟೆ ಒಡೆದು ಸಮ ಮಾಡಿದ್ದರು. ಹದವಾದ ಕರಿ ಮಣ್ಣು, ಅದರ ಮೇಲೆ ಕೋಲು ಚುಚ್ಚಿ ಎಳೆದ ದಾರ. ಒಂದು ಹೂವಿಲ್ಲ. ನಮ್ಮ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಹರಗಿದ ಹೊಲ ನೋಡ್ಲಾಕ ಇಷ್ಟು ದೂರ ಬರಬೇಕಿತ್ತೇನೋ? ಊರಾಗೇ ಇತ್ತಲ್ಲ" ಅಂದಳು.

ಅಲ್ಲಿ ಕೆಲಸ ಮಾಡುತ್ತಿದ್ದ ಮಾಲಿಗೆ ಅದು ಕೇಳಿಸಿತು. ನಕ್ಕರು. "ಮೂರು ವಾರ ಮುಂಚೆ ಬರಬೇಕಿತ್ತು ಅಮ್ಮ ನೀವು. ಸೀಸನ್ ಮುಗೀತು, ಎಲ್ಲ ಕಿತ್ತು ಹೊಸದಾಗಿ ಮಡಿ ಮಾಡ್ತಾ ಇದೀವಿ" ಅಂದರು. ಬೇಜಾರು ಮಾಡಿಕೊಳ್ಳಬೇಡಿ ಅಂತ ನರ್ಸರಿಗೆ ಕರೆದುಕೊಂಡು ಹೋಗಿ ತೋರಿಸಿದರು. ನಿಜ ಹೇಳ್ತೀನಿ, ಆ ದಿನ ನೋಡಿದ್ದರಲ್ಲಿ ಅದೇ ಚೆಂದ ಇತ್ತು. ಹಸಿರು ನೆರಳು ಬಲೆಯ ಕೆಳಗೆ ಸಾಲು ಸಾಲು ಟ್ರೇ. ಒಂದೊಂದು ಗುಳಿಯಲ್ಲೂ ತೆಂಗಿನ ನಾರಿನ ಪುಡಿ, ಅದರಲ್ಲಿ ಎರಡೆಲೆಯ ಸಸಿ. ಪೆಟೂನಿಯಾ ಬೀಜ ಅಂಗೈಗೆ ಹಾಕಿದರು. ಬೀಜ ಅನ್ನಿಸಲೇ ಇಲ್ಲ, ನಶ್ಯದ ಪುಡಿ ಅನ್ನಬಹುದು. ಅದನ್ನು ಸಣ್ಣ ಮರಳಿನ ಜೊತೆ ಬೆರೆಸಿ ಚೆಲ್ಲುತ್ತಾರಂತೆ, ಇಲ್ಲದಿದ್ದರೆ ಎಲ್ಲ ಒಂದೇ ಕಡೆ ಬೀಳುತ್ತದೆ. ಮೇಲೆ ಮಣ್ಣು ಮುಚ್ಚುವ ಹಾಗಿಲ್ಲ, ನೀರು ಕೂಡ ಹನಿ ಹನಿಯಾಗಿ ಸಿಂಪಡಿಸಬೇಕು, ಜೋರಾಗಿ ಹಾಕಿದರೆ ಬೀಜ ಕೊಚ್ಚಿಕೊಂಡು ಹೋಗುತ್ತದೆ. ಚೆಂಡು ಹೂವಾದರೆ ಬಿತ್ತಿದ ಎರಡು ತಿಂಗಳಿಗೆ ಹೂ. ಪೆಟೂನಿಯಾ, ಸಾಲ್ವಿಯಾ ಮೂರು ತಿಂಗಳ ಹತ್ತಿರ. ಗುಲಾಬಿ ಸವರಿದ ಆರೇಳು ವಾರಕ್ಕೆ ಮೊಗ್ಗು ಬಿರಿಯುತ್ತದೆ. ಸೇವಂತಿಗೆಗೆ ರಾತ್ರಿ ಉದ್ದ ಆಗಬೇಕು, ಅದಕ್ಕೇ ಅದು ಚಳಿಗಾಲದ ಹೂ. ಇಷ್ಟನ್ನೂ ಆ ಮಾಲಿ ಬೆರಳು ಮಡಚಿ ಮಡಚಿ ಹೇಳಿದರು.

ಅವರ ಮಾತು ಕೇಳುತ್ತಾ ನನಗೆ ಹೊಳೆದಿದ್ದು ಇದು. ಬೀಜ ಚೆಲ್ಲಿದ ದಿನವೇ ಹೂವಿನ ತಾರೀಖು ನಿಮ್ಮ ಕೈಯಲ್ಲಿ ಇರುತ್ತದೆ. ರೈಲು ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ. ಅಂದ್ರೆ ನಾವು ಟಿಕೆಟ್ ಮಾಡಿಸುವ ಹೊತ್ತಿಗೆ ನಾವು ನೋಡಬೇಕಾದ ಹೂವಿನ ಬೀಜ ಆಗಲೇ ಮಣ್ಣಿಗೆ ಬಿದ್ದಾಗಿದೆ. ಮಾಲಿಗೆ ಗೊತ್ತು, ನರ್ಸರಿಯ ರಿಜಿಸ್ಟರಿನಲ್ಲಿ ಬರೆದಿರುತ್ತದೆ, ಮೇಲಿನ ಅಧಿಕಾರಿಗೂ ಗೊತ್ತು. ಗೊತ್ತಿಲ್ಲದೇ ಇರುವುದು ದುಡ್ಡು ಕೊಟ್ಟು ಬರುವವನಿಗೆ ಮಾತ್ರ.

ಮಳೆ ಬಂದರೆ, ಆಲಿಕಲ್ಲು ಬಿದ್ದರೆ, ಲೆಕ್ಕ ತಪ್ಪುತ್ತದಲ್ಲ ಅನ್ನುತ್ತೀರಿ. ತಪ್ಪಲಿ. "ಆಲಿಕಲ್ಲಿಗೆ ಹೂ ಉದುರಿದೆ" ಅಂತ ಹೇಳಿ, ನಮಗೆ ಅರ್ಥವಾಗುತ್ತದೆ. ನಾವು ತೊಗರಿ ಬೆಳೆಯುವ ಜಿಲ್ಲೆಯವರು. ತೊಗರಿ ಹೂ ಬಿಟ್ಟಾಗ ನಾಲ್ಕು ದಿನ ಮೋಡ ಕವಿದು ಮಂಜು ಬಿದ್ದರೆ ಹೂ ನೆಲಕ್ಕೆ ಉದುರುತ್ತದೆ ಅನ್ನುವುದು ಇಲ್ಲಿನ ಸಣ್ಣ ಹುಡುಗನಿಗೂ ಗೊತ್ತು. ಆ ಹೊತ್ತಿಗೆ ಸರಿಯಾಗಿ ರೈತರ ಫೋನಿಗೆ ಸಂದೇಶ ಬರುತ್ತದೆ, ಹೂ ಬಿಡುವ ಹಂತ, ಈ ಔಷಧಿ ಹೊಡೆಯಿರಿ, ಹುಳ ಗಮನಿಸಿ ಅಂತ. ಹೊಲದ ಹೂವಿಗೆ ಸಂದೇಶ ಕಳಿಸಲು ಬರುವ ಸರ್ಕಾರಕ್ಕೆ ತೋಟದ ಹೂವಿಗೆ ಕಳಿಸಲು ಬರುವುದಿಲ್ಲವೇ?

ಇನ್ನೊಂದು ವಿಷಯ. ನಮ್ಮ ಬಿಸಿಲು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಏಪ್ರಿಲ್, ಮೇ ಬಂತು ಅಂದ್ರೆ ಕಲಬುರಗಿ ವಿಭಾಗದ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನಮಗಾಗಿ ಗಡಿಯಾರವನ್ನೇ ಸರಿಸಿದವರು ನೀವು. ನಾವು ಬೆಟ್ಟ ಹತ್ತುವುದೂ ಅದೇ ಎರಡು ತಿಂಗಳು. ಶಾಲೆಗೆ ರಜೆ, ಹೊರಗೆ 42-43 ಡಿಗ್ರಿ, ಮನೆಯಲ್ಲಿ ಕೂಲರ್ ಕೂಡ ಬಿಸಿ ಗಾಳಿ ಬೀಸುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಎಲ್ಲಿ ಹೂ ಇರುತ್ತದೆ ಅನ್ನುವುದು ನಮಗೆ ಮೋಜಿನ ಪ್ರಶ್ನೆ ಅಲ್ಲ.

ಊಟಿಯ ಸಸ್ಯೋದ್ಯಾನದ ವಿಷಯದಲ್ಲಿ ಈ ತೊಂದರೆ ಕಡಿಮೆ, ಅದನ್ನು ಒಪ್ಪಲೇಬೇಕು. 1848ರಲ್ಲಿ ಮೆಕೈವರ್ ಅನ್ನುವವರ ಕೈಯಲ್ಲಿ ಶುರುವಾದ ತೋಟ, ದೊಡ್ಡಬೆಟ್ಟದ ಇಳಿಜಾರಿನಲ್ಲಿ 22 ಹೆಕ್ಟೇರ್. ಪುಷ್ಪ ಪ್ರದರ್ಶನ ಮೇ ತಿಂಗಳಲ್ಲಿ ಅಂತ ಎಲ್ಲರಿಗೂ ಗೊತ್ತು, ಅದಕ್ಕೆ ತಕ್ಕ ಹಾಗೆ ಅವರು ಚಳಿಗಾಲದಿಂದಲೇ ಸಸಿ ಮಾಡಿ ಕುಂಡ ತುಂಬಿಸುತ್ತಾರೆ. ನಾವು ಹೋದಾಗ ಕಂಬಳಿ ಹಾಸಿದ ಹಾಗೆ ಪ್ಯಾನ್ಸಿ ಇತ್ತು ಅಂತ ಬರೆದರೆ ನಿಮಗೆ ನಗು ಬರಬಹುದು, ಎಲ್ಲರೂ ಹಾಗೇ ಬರೆಯುತ್ತಾರೆ. ನನ್ನ ಮಗನಿಗೆ ಪ್ಯಾನ್ಸಿ ಬೇಕಾಗಿರಲಿಲ್ಲ. ಅವನು ನಿಂತಿದ್ದು ಹೈಡ್ರೇಂಜಾ ಗಿಡದ ಮುಂದೆ. ಒಂದೇ ಸಾಲಿನಲ್ಲಿ ಒಂದು ಗಿಡದ ಗೊಂಚಲು ನೀಲಿ, ಇನ್ನೊಂದರದು ನೇರಳೆಗೆ ತಿರುಗಿದ ಗುಲಾಬಿ. ಬಣ್ಣ ಹಚ್ಚಿದ್ದಾರಾ ಅಂತ ಎಸಳು ಉಜ್ಜಿ ಬೆರಳು ನೋಡಿಕೊಂಡ. ಬಣ್ಣ ಮಣ್ಣಿನದು. ಹುಳಿ ಮಣ್ಣಿನಲ್ಲಿ ಆ ಹೂ ನೀಲಿ ಬರುತ್ತದೆ, ಸುಣ್ಣದ ಅಂಶ ಇರುವ ಮಣ್ಣಿನಲ್ಲಿ ಗುಲಾಬಿ. ನಮ್ಮ ಶಹಾಬಾದಿನ ಸುಣ್ಣಕಲ್ಲಿನ ನೆಲದಲ್ಲಿ ನೆಟ್ಟರೆ, ಬದುಕಿದರೆ, ಗುಲಾಬಿ ಬಣ್ಣವೇ ಬಂದೀತು. ಇದನ್ನು ಅಲ್ಲೊಂದು ಸಣ್ಣ ಫಲಕದಲ್ಲಿ ಕನ್ನಡದಲ್ಲೂ ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅದು ತಮಿಳುನಾಡಿನ ತೋಟ, ನಾನು ಹಕ್ಕಿನಿಂದ ಕೇಳುವ ಹಾಗಿಲ್ಲ. ಆದರೆ ಊಟಿಯಲ್ಲೇ ಫರ್ನ್‌ಹಿಲ್ ಕಡೆ ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆಯದೇ 38 ಎಕರೆಯ ಉದ್ಯಾನ ಇದೆ. ಇದು ನಮ್ಮ ಕಡೆಯ ಹೆಚ್ಚಿನ ಮಂದಿಗೆ ಗೊತ್ತೇ ಇಲ್ಲ. ಅಲ್ಲಿ ಕೇಳಬಹುದು, ಅಲ್ವಾ?

ಕೆಮ್ಮಣ್ಣುಗುಂಡಿಯೂ ನಮ್ಮ ರಾಜ್ಯದ್ದೇ. 1434 ಮೀಟರ್ ಎತ್ತರ, ನಾಲ್ವಡಿ ಕೃಷ್ಣರಾಜ ಒಡೆಯರ್ ಹೆಸರಿನ ಗಿರಿಧಾಮ, ಒಂದು ಕಾಲಕ್ಕೆ ಭದ್ರಾವತಿ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿದ್ದ ಬೆಟ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಹೇಗೆ ಹೊಡೆಯುತ್ತದೆ ಅಂತ ತರೀಕೆರೆಯವರಿಗೆ ಗೊತ್ತು. ವರ್ಷಕ್ಕೆ ಒಂದು ಒಳ್ಳೆ ಮಳೆಗೆ ಕೈ ಮುಗಿಯುವ ಯಾದಗಿರಿಯವನಿಗೆ ಗೊತ್ತಾಗುವುದು ಹೇಗೆ? ಜುಲೈನಲ್ಲಿ ಹೋಗಿ ಮೂರು ಮಾರು ಮುಂದೆ ಏನೂ ಕಾಣದೆ ಛತ್ರಿ ಹಿಡಿದು ನಿಂತು ಬಂದವರಿದ್ದಾರೆ. ಅವರಲ್ಲಿ ಕೆಲವರಿಗೆ ಆ ಮಂಜೇ ಇಷ್ಟವಾಗಿದೆ, ಅದೂ ನಿಜ. ಹಾಗಾದರೆ "ಈಗ ಹೂ ಇಲ್ಲ, ಮಂಜು ಇದೆ" ಅಂತಲೇ ಹೇಳಿ. ಮಂಜು ಬೇಕಾದವರು ಬರುತ್ತಾರೆ. ಹೂ ಇಲ್ಲ ಅಂದ್ರೆ ಟಿಕೆಟ್ ಕಲೆಕ್ಷನ್ ಬೀಳುತ್ತದೆ ಅನ್ನುವ ಭಯ ನಿಮಗಿದ್ದರೆ ಅದನ್ನು ಬಿಡಿ. ಒಮ್ಮೆ ಖಾಲಿ ಮಡಿ ನೋಡಿ ಬಂದವನು ಊರಿಗೆ ಬಂದು ಇಪ್ಪತ್ತು ಜನರಿಗೆ ಹೇಳುತ್ತಾನೆ, ಬಸ್ ಸ್ಟ್ಯಾಂಡಿನಲ್ಲಿ, ಚಹಾ ಅಂಗಡಿಯಲ್ಲಿ, ನನ್ನ ಅಂಗಡಿಯಲ್ಲಂತೂ ದಿನವಿಡೀ.

ಹೇಳಿದರೆ ನಿಮಗೂ ಲಾಭ ಇದೆ. ಊಟಿಯಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಎರಡನೇ ಸೀಸನ್ ಅಂತ ಇರುತ್ತದೆ. ಮೇ ತಿಂಗಳಷ್ಟು ಅಬ್ಬರ ಇರಲ್ಲ, ಆದರೆ ಹೂ ಇರುತ್ತವೆ, ಜನ ಕಡಿಮೆ. ನಮಗೆ ಆಗ ದಸರಾ ರಜೆ. ಇದು ಮೊದಲೇ ಗೊತ್ತಾದರೆ ಅರ್ಧ ಜನ ಮೇ ಬಿಟ್ಟು ಆಗ ಹೋಗುತ್ತಾರೆ, ಗುಡ್ಡದ ಮೇಲೆ ಗಾಡಿಗಳ ನೂಕುನುಗ್ಗಲು ಅಷ್ಟಾದರೂ ಇಳಿಯುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಜನವರಿಯಲ್ಲಿ ಗಣರಾಜ್ಯೋತ್ಸವಕ್ಕೆ, ಆಗಸ್ಟ್‌ನಲ್ಲಿ ಸ್ವಾತಂತ್ರ್ಯೋತ್ಸವಕ್ಕೆ ಅಂತ ಚಿತ್ತಾಪುರದ ಮುದುಕಿಗೂ ಗೊತ್ತಿದೆ. ಯಾಕೆ ಗೊತ್ತಿದೆ? ನೀವು ಹೇಳಿದ್ದಕ್ಕೆ.

ನೀವು ಹೇಳದಿದ್ದರೆ ಏನಾಗುತ್ತದೆ ಅಂತ 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೀಲಕುರಿಂಜಿ ಅರಳಿದಾಗ ನೋಡಿದೆವು. ಫೋನಿನಿಂದ ಫೋನಿಗೆ ವಿಡಿಯೋ ಹಾರಿತು, ಜನ ಗಾಡಿ ಕಟ್ಟಿಕೊಂಡು ಓಡಿದರು. ನನ್ನ ಅಂಗಡಿಗೆ ಬಂದವರಲ್ಲಿ ಒಬ್ಬರಿಗೂ ಅದು ಯಾವ ಕಡೆಯ ಗುಡ್ಡದಲ್ಲಿದೆ, ಎಷ್ಟು ದಿನ ಇರುತ್ತದೆ, ಗೊತ್ತಿರಲಿಲ್ಲ. ಕುರಿಂಜಿ 12 ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಗಿಡವೇ ಸತ್ತುಹೋಗುತ್ತದೆ. ಒಂದು ಗೊಂಚಲು ಕಿತ್ತುಕೊಂಡು ಬಂದರೆ ಮುಂದಿನ ಸಲದ ಅಷ್ಟು ಗಿಡ ಹೋಯಿತು. ಇದನ್ನು ಮೊದಲೇ ಹೇಳಿದ್ದರೆ ಕೀಳುವ ಕೈ ಒಂದಿಷ್ಟಾದರೂ ಹಿಂದೆ ಬರುತ್ತಿತ್ತು. ಮುನ್ನಾರಿನಲ್ಲಿ 2018ರಲ್ಲಿ ಅರಳಿತ್ತು, ಲೆಕ್ಕದ ಪ್ರಕಾರ ಅಲ್ಲಿ ಮತ್ತೆ 2030ಕ್ಕೆ. ನೋಡಿ, ಆ ಹೂವಿನ ತಾರೀಖು ಝೆರಾಕ್ಸ್ ಅಂಗಡಿಯ ನನಗೂ ಗೊತ್ತಿದೆ.

ನಾನು ಕೇಳುತ್ತಿರುವುದಕ್ಕೆ ಟೆಂಡರ್ ಕರೆಯಬೇಕಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ತೋಟದ ಒಬ್ಬ ಸಿಬ್ಬಂದಿ ಮೊಬೈಲ್ ತೆಗೆದುಕೊಂಡು ನಾಲ್ಕು ಮೂಲೆಯಲ್ಲಿ ನಾಲ್ಕು ಫೋಟೋ ತೆಗೆಯಲಿ. ಚೆಂದ ಮಾಡುವುದು ಬೇಡ, ಖಾಲಿ ಮಡಿ ಇದ್ದರೆ ಖಾಲಿ ಮಡಿಯೇ ಇರಲಿ. ಕೆಳಗೆ ತಾರೀಖು, ಎರಡು ಸಾಲು ಕನ್ನಡ: ಡೇಲಿಯಾ ಮುಗಿಯುತ್ತಾ ಬಂದಿದೆ, ಗುಲಾಬಿ ಹತ್ತು ದಿನದಲ್ಲಿ ಬರುತ್ತದೆ. ಅದನ್ನು ಇಲಾಖೆಯ ಪುಟಕ್ಕೆ ಹಾಕಿ. ವರ್ಷದ ಲೆಕ್ಕದ ಒಂದು ಹಾಳೆ ಮಾಡಿ, ಹನ್ನೆರಡು ತಿಂಗಳು, ಒಂದೊಂದು ತೋಟ. ಅದನ್ನು ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ ನಿಲ್ದಾಣಗಳಲ್ಲಿ ಅಂಟಿಸಲು ಕೊಡಿ. ಕಲಬುರಗಿ, ಬೀದರ್, ಯಾದಗಿರಿಗೆ ನಾನೇ ಬೇಕಾದರೆ ಪ್ರಿಂಟ್ ತೆಗೆದುಕೊಡ್ತೀನಿ, ಕಾಗದದ ದುಡ್ಡೂ ಬೇಡ. ಜೊತೆಗೆ ಗೇಟಿನಿಂದ ಹೂವಿನ ಮಡಿಗೆ ಎಷ್ಟು ನಡೆಯಬೇಕು, ಎಷ್ಟು ಮೆಟ್ಟಿಲು, ಮಧ್ಯೆ ಕೂರಲು ಜಾಗ ಇದೆಯಾ ಅನ್ನುವುದನ್ನೂ ಬರೆಯಿರಿ. ಸಮತಟ್ಟು ನೆಲದಲ್ಲಿ ಬೆಳೆದ ಮೊಣಕಾಲುಗಳು ನಮ್ಮವು. ಅವ್ವನಂಥವರು ಅರ್ಧ ಗುಡ್ಡ ಹತ್ತಿ ಕೂತುಬಿಡುತ್ತಾರೆ, ಮೇಲಿನ ಹೂ ಮೊಬೈಲಿನಲ್ಲಿ ನೋಡುತ್ತಾರೆ.

ನಮ್ಮ ಮಂದಿಗೂ ಎರಡು ಮಾತು ಹೇಳಿಬಿಡ್ತೀನಿ, ಈ ಪತ್ರ ಅವರೂ ಓದುತ್ತಾರೆ. ಮಡಿಯೊಳಗೆ ಕಾಲಿಟ್ಟು ಫೋಟೋ ಬೇಡ. ಆ ಸಸಿ ಅಲ್ಲಿಗೆ ಬರಲು ಮೂರು ತಿಂಗಳು ಹಿಡಿದಿದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಬುತ್ತಿಯ ಪ್ಲಾಸ್ಟಿಕ್ ಚೀಲ ಮಾತ್ರ ಮನೆಯಲ್ಲೇ ಬಿಡಿ, ನೀಲಗಿರಿಯಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನೂ ಕಸಿದುಕೊಳ್ಳುತ್ತಾರೆ. ಸ್ಟೀಲಿನ ತಂಬಿಗೆ ನಡೆಯುತ್ತದೆ.

ಕೊನೆಗೆ, ಸಾಹೇಬ್ರೇ, ನಿಮ್ಮ ತಾರೀಖು ಮಾತ್ರ ಕೇಳಿ ಸುಮ್ನೆ ಕೂರುವುದು ಸರಿಯಲ್ಲ, ನಮ್ಮದನ್ನೂ ಹೇಳ್ತೀನಿ. ಈ ಕಡೆ ಹೂವೇ ಇಲ್ಲ ಅಂತ ನೀವು ಅಂದುಕೊಂಡಿರಬಹುದು. 2011ರಲ್ಲಿ ವನ್ಯಧಾಮ ಅಂತ ಘೋಷಿಸಿದ ಚಿಂಚೋಳಿ ಕಾಡಿಗೆ ಫೆಬ್ರವರಿ ಕೊನೆಗೆ ಬನ್ನಿ, ಹೋಳಿ ಹಬ್ಬಕ್ಕೆ ಸ್ವಲ್ಪ ಮುಂಚೆ. ಚಂದ್ರಂಪಳ್ಳಿ ಕೆರೆಯ ಸುತ್ತಿನ ಗುಡ್ಡಗಳಲ್ಲಿ ಮುತ್ತುಗ ಎಲೆ ಉದುರಿಸಿ ಬರೀ ಕೇಸರಿ ಹೂ ಹೊತ್ತು ನಿಂತಿರುತ್ತದೆ. ಏಪ್ರಿಲ್-ಮೇನಲ್ಲಿ ಕಕ್ಕೆ ಅರಳುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ ಬಂದರೆ ದಾರಿಯ ಎರಡೂ ಕಡೆ ತೊಗರಿ ಹೂ. ಇವು ಯಾರೂ ಬಿತ್ತಿ ಪ್ರದರ್ಶನಕ್ಕೆ ಇಟ್ಟಿದ್ದಲ್ಲ, ತೊಗರಿ ಒಂದನ್ನು ಬಿಟ್ಟು. ಇಲ್ಲೂ ಒಂದು ಗುಡ್ಡದ ತೋಟ ಮಾಡುವ ಮನಸ್ಸು ನಿಮಗೆ ಬಂದರೆ ಪೆಟೂನಿಯಾ ತರಬೇಡಿ, ಬದುಕುವುದಿಲ್ಲ. ಮುತ್ತುಗ, ಕಕ್ಕೆ, ಬೂರುಗ ಇವನ್ನೇ ಸಾಲಾಗಿ ನೆಡಿ, ಬಿಸಿಲಿಗೆ ಅವೇ ಸರಿ.

ಬರುವಾಗ ಒಂದು ಫೋನ್ ಮಾಡಿ. ಮುತ್ತುಗ ಶುರುವಾಗಿದೆಯೋ ಇಲ್ಲವೋ ಅಂತ ಕೇಳಿ ಹೇಳ್ತೀನಿ.

ಇಂತಿ ನಿಮ್ಮ,
ಸೂಪರ್ ಮಾರ್ಕೆಟ್ ಹತ್ತಿರದ ಝೆರಾಕ್ಸ್ ಅಂಗಡಿಯವ
ಕಲಬುರಗಿ